ಮೂಕಪ್ರಾಣಿಯ ಆಪತ್ತು ಮತ್ತು ನಮ್ಮ ಸಿದ್ಧತೆ

ಬಾದಾಮಿಗೂ ಪಟ್ಟದಕಲ್ಲಿಗೂ ನಡುವೆ, ಕೆಂಪು ಮರಳುಗಲ್ಲಿನ ಗುಡ್ಡಗಳ ಮಡಿಲಿನಲ್ಲಿ, ಮಹಾಕೂಟವೆಂಬ ಪುರಾತನ ಕ್ಷೇತ್ರವಿದೆ. ಆರು-ಏಳನೆಯ ಶತಮಾನದ ಚಾಲುಕ್ಯರ ಗುಡಿಗಳು, ಅವುಗಳ ನಡುವೆ ಬುಗ್ಗೆಯ ನೀರಿನಿಂದ ತುಂಬಿ ನಿಂತ ವಿಷ್ಣುಪುಷ್ಕರಿಣಿ, ಸುತ್ತಲೂ ಹೆಮ್ಮರಗಳ ನೆರಳು ಇವು ಅಲ್ಲಿಗೆ ಬಂದವರ ದಣಿವನ್ನು ಕ್ಷಣದಲ್ಲಿ ಮರೆಸುತ್ತವೆ. ಮಂಗಳೇಶನ ಕಾಲದ, ಕ್ರಿ. ಶ. ೬೦೨ರ ಶಾಸನವುಳ್ಳ ಸ್ತಂಭವೊಂದು ಇಲ್ಲಿಯೇ ಇದ್ದಿತು. ಈಗ ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಈ ಲೇಖನದ ವಿಷಯವು ಶಾಸನವೂ ಅಲ್ಲ, ಶಿಲ್ಪವೂ ಅಲ್ಲ. ಆ ಕ್ಷೇತ್ರದ ಹೊರಬಾಗಿಲಿನಲ್ಲಿ ನಾವು ಕಣ್ಣಾರೆ ಕಂಡ ಒಂದು ಸಣ್ಣ ಸಾವು.

ಕೆಲವು ವರ್ಷಗಳ ಹಿಂದಿನ ಮಾತು. ಬೇಸಗೆಯ ಮಧ್ಯಾಹ್ನ. ದೂರದ ಊರಿನಿಂದ ಬಂದ ಕುಟುಂಬವೊಂದು ತಮ್ಮ ನಾಯಿಯನ್ನು ಕಾರಿನಲ್ಲಿಯೇ ಬಿಟ್ಟು, ಕಿಟಕಿಯ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿ, ದೇವರ ದರ್ಶನಕ್ಕೆ ಹೋಗಿತ್ತು. ಅವರು ಮರಳಿ ಬರುವಷ್ಟರಲ್ಲಿ ನಾಯಿಯು ಏದುಸಿರು ಬಿಡುತ್ತ, ಬಾಯಿಯಿಂದ ನೊರೆ ಸುರಿಸುತ್ತ, ಕಾಲು ನಿಲ್ಲದೆ ಬಿದ್ದಿತ್ತು. ಅದನ್ನು ಎತ್ತಿ ಮರದ ಕೆಳಗೆ ಮಲಗಿಸಿದರು. ಜನ ಕೂಡಿದರು. ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯಿರೆಂದರು. ಇನ್ನೊಬ್ಬರು ಮಜ್ಜಿಗೆ ತಂದು ಬಾಯಿಗೆ ಹುಯ್ದರು. ಮತ್ತೊಬ್ಬರು ದೃಷ್ಟಿ ತಾಗಿದೆಯೆಂದರು. ಅಷ್ಟರಲ್ಲಿ ಹೈಸ್ಕೂಲಿನ ವಯಸ್ಸಿನ ಹುಡುಗನೊಬ್ಬನು ಎಲ್ಲಿಂದಲೋ ಕೊಡದಲ್ಲಿ ನೀರು ತಂದನು. ಕಾದ ಮೈಗೆ ತಣ್ಣೀರು ಬಿದ್ದರೆ ನರ ಸೆಡೆತು ಸತ್ತೇಹೋಗುತ್ತದೆಂದು ಹಿರಿಯರು ಅವನನ್ನು ತಡೆದರು. ವಿಜ್ಞಾನದ ಪುಸ್ತಕಗಳನ್ನು ಓದಿದವರೆಂದು ಹೆಮ್ಮೆ ಪಡುವ ನಾವೂ ಆ ಹೊತ್ತಿನಲ್ಲಿ ಯಾವುದು ಸರಿಯೆಂದು ತಿಳಿಯದೆ ಸುಮ್ಮನೆ ನಿಂತೆವು. ಅರ್ಧ ಗಂಟೆಯ ಮೇಲೆ ನಾಯಿಯನ್ನು ಬಾದಾಮಿಗೆ ಒಯ್ಯಲು ಹೊರಟರು. ದಾರಿಯಲ್ಲಿಯೇ ಅದು ಸತ್ತಿತು. ಸುದ್ದಿ ಬಂದಾಗ ಆ ಹುಡುಗ ನಮ್ಮನ್ನು ಕೇಳಿದ: “ನೀರು ಹಾಕಿದ್ರ ಬದುಕತಿತ್ತೇನ್ರಿ?”

ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಇಂದು ಇದೆ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ತಾಪದ ಲೆಕ್ಕ

ಮನುಷ್ಯನ ಮೈಯೆಲ್ಲ ಬೆವರುತ್ತದೆ. ಬೆವರು ಆವಿಯಾಗುವಾಗ ಚರ್ಮದಿಂದ ಶಾಖವನ್ನು ಹೀರಿಕೊಂಡು ಹೋಗುತ್ತದೆ. ನಾಯಿಗೆ ಈ ಅನುಕೂಲವಿಲ್ಲ. ಅದರ ಬೆವರಿನ ಗ್ರಂಥಿಗಳು ಮುಖ್ಯವಾಗಿ ಅಂಗಾಲುಗಳಲ್ಲಿವೆ. ಮೈಯ ತಾಪವನ್ನು ಅದು ಕಳೆದುಕೊಳ್ಳುವುದು ಬಹುಮಟ್ಟಿಗೆ ನಾಲಗೆಯನ್ನು ಹೊರಚಾಚಿ ತೇಕುವುದರಿಂದ, ಎಂದರೆ ಬಾಯಿ ಮತ್ತು ಉಸಿರುದಾರಿಗಳ ತೇವವನ್ನು ಆವಿಯಾಗಿಸುವುದರಿಂದ. ಮುಚ್ಚಿದ ಕಾರಿನೊಳಗೆ ಗಾಳಿಯು ಬಿಸಿಯಾಗುವುದಷ್ಟೇ ಅಲ್ಲ, ನಾಯಿಯ ಉಸಿರಿನಿಂದಲೇ ತೇವದಿಂದ ತುಂಬುತ್ತದೆ. ತೇವ ತುಂಬಿದ ಗಾಳಿಯಲ್ಲಿ ಆವಿಯಾಗುವ ಕ್ರಿಯೆ ಕುಗ್ಗುತ್ತದೆ. ಹೀಗೆ ಪ್ರಾಣಿಗಿದ್ದ ಒಂದೇ ಬಾಗಿಲೂ ಮುಚ್ಚಿಹೋಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆಯು ಹತ್ತೇ ನಿಮಿಷಗಳಲ್ಲಿ ಹೊರಗಿನದಕ್ಕಿಂತ ಸುಮಾರು ೧೦ ಡಿಗ್ರಿ ಸೆಂಟಿಗ್ರೇಡಿನಷ್ಟು ಏರಬಲ್ಲದು. ಗಾಜನ್ನು ನಾಲ್ಕು ಬೆರಳು ಇಳಿಸಿದ ಮಾತ್ರಕ್ಕೆ ಈ ಏರಿಕೆ ಹೆಚ್ಚೇನೂ ತಗ್ಗುವುದಿಲ್ಲ. ಬಾಗಲಕೋಟೆಯ ಸೀಮೆಯಲ್ಲಿ ಬೇಸಗೆಯ ಹಗಲು ೪೦ ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಉಳಿದ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಬಹುದು.

ಆರೋಗ್ಯವಾಗಿರುವ ನಾಯಿಯ ಮೈಯ ಉಷ್ಣತೆ ೩೮ರಿಂದ ೩೯.೨ ಡಿಗ್ರಿ. ಅದು ೪೧ನ್ನು ದಾಟಿತೆಂದರೆ ಮಿದುಳು, ಯಕೃತ್ತು, ಮೂತ್ರಪಿಂಡ, ಕರುಳು ಎಲ್ಲವೂ ಅಪಾಯಕ್ಕೆ ಸಿಕ್ಕುತ್ತವೆ. ರಕ್ತ ಹೆಪ್ಪುಗಟ್ಟುವ ಏರ್ಪಾಡೂ ಕೆಡುತ್ತದೆ. ಆಗ ಮಾಡಬೇಕಾದ ಕೆಲಸ ಒಂದೇ: ಮೊದಲು ತಂಪು ಮಾಡುವುದು, ಅನಂತರ ಸಾಗಿಸುವುದು. ನೆರಳಿಗೆ ತಂದು, ಮೈಗೆಲ್ಲ, ಅದರಲ್ಲಿಯೂ ಹೊಟ್ಟೆ, ಬಗಲು, ತೊಡೆಸಂದುಗಳಿಗೆ, ಎಡೆಬಿಡದೆ ನೀರು ಸುರಿಯಬೇಕು. ಬೀಸಣಿಗೆಯಿಂದಲೋ ಟವೆಲಿನಿಂದಲೋ ಗಾಳಿ ಹಾಕಬೇಕು. ನೀರಿನಷ್ಟೇ ಗಾಳಿಯೂ ಮುಖ್ಯ, ಏಕೆಂದರೆ ಶಾಖವನ್ನು ಒಯ್ಯುವುದು ಆವಿಯಾಗುವ ನೀರು. ಒದ್ದೆ ಬಟ್ಟೆಯನ್ನು ಹೊದಿಸಿ ಹಾಗೆಯೇ ಬಿಟ್ಟರೆ ಸ್ವಲ್ಪ ಹೊತ್ತಿಗೆ ಅದೇ ಬೆಚ್ಚನೆಯ ಕಂಬಳಿಯಾಗುತ್ತದೆ. ಎಚ್ಚರವಿರುವ ಪ್ರಾಣಿಗೆ ಕುಡಿಯಲು ನೀರನ್ನು ಮುಂದಿಡಬಹುದು; ಎಚ್ಚರ ತಪ್ಪಿದ ಪ್ರಾಣಿಯ ಬಾಯಿಗೆ ನೀರನ್ನಾಗಲಿ ಮಜ್ಜಿಗೆಯನ್ನಾಗಲಿ ಹುಯ್ಯಲೇ ಕೂಡದು. ಅದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರಾಣಿಯು ಚೇತರಿಸಿಕೊಂಡಂತೆ ಕಂಡರೂ ವೈದ್ಯರಲ್ಲಿಗೆ ಒಯ್ಯಬೇಕು. ಒಳಗಿನ ಅಂಗಗಳಿಗಾದ ಪೆಟ್ಟು ಕೆಲವೊಮ್ಮೆ ಮರುದಿನ ಕಾಣಿಸಿಕೊಳ್ಳುತ್ತದೆ.

ಅಂದು ಮಹಾಕೂಟದಲ್ಲಿ ನೀರಿಗೆ ಬರವಿರಲಿಲ್ಲ. ಬರವಿದ್ದದ್ದು ತಿಳಿವಳಿಕೆಗೆ.

ಊರಿಗೆ ತಕ್ಕ ಆಪತ್ತು

ಸಾಕುಪ್ರಾಣಿಯೆಂದೊಡನೆ ಪಟ್ಟಣದ ವಿದ್ಯಾರ್ಥಿಗೆ ಮನೆಯ ನಾಯಿ ಬೆಕ್ಕುಗಳು ನೆನಪಾಗುತ್ತವೆ. ಹಳ್ಳಿಯ ವಿದ್ಯಾರ್ಥಿಗೆ ಹಿತ್ತಲಿನ ಆಕಳು, ಎಮ್ಮೆ, ಆಡುಗಳೂ ನೆನಪಾಗುತ್ತವೆ. ನಮ್ಮ ಭಾಷೆಯು ಇವೆರಡರ ನಡುವೆ ಗೋಡೆ ಕಟ್ಟಿಲ್ಲ, ಸಾಕಿದ್ದೆಲ್ಲವೂ ಸಾಕುಪ್ರಾಣಿಯೇ. ಅದೇ ಸರಿಯಾದ ದೃಷ್ಟಿಯೆಂದು ನಮ್ಮ ಅಭಿಪ್ರಾಯ. ನಮ್ಮನ್ನು ನಂಬಿ ಕಟ್ಟಿಸಿಕೊಂಡ ಪ್ರಾಣಿಗೆ ಆಪತ್ತಿನಲ್ಲಿ ಓಡುವ ಸ್ವಾತಂತ್ರ್ಯವಿಲ್ಲ, ನೋವನ್ನು ಹೇಳುವ ಬಾಯಿಯಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ಹಿಡಿದವರಿಗೇ ಹೊಣೆ.

ಈ ಹೊಣೆಯ ಮೊದಲ ಪಾಠವೆಂದರೆ ತನ್ನ ಊರಿನ ಅಪಾಯಗಳನ್ನು ತಿಳಿಯುವುದು. ಪರದೇಶದ ಪುಸ್ತಕಗಳಲ್ಲಿ ನಾಯಿಗೆ ಚಾಕೊಲೇಟು ವಿಷವೆಂದು ದಪ್ಪಕ್ಷರಗಳಲ್ಲಿ ಬರೆದಿರುತ್ತದೆ. ಅದು ನಿಜ. ಆದರೆ ಬಾಗಲಕೋಟೆ ಜಿಲ್ಲೆಯ ಮನೆಯಲ್ಲಿ ಚಾಕೊಲೇಟಿಗಿಂತ ಮೊದಲು ಸಿಗುವುದು ಉಳ್ಳಾಗಡ್ಡಿ. ಅದರಲ್ಲಿರುವ ಗಂಧಕಯುಕ್ತ ಪದಾರ್ಥಗಳು ನಾಯಿ ಬೆಕ್ಕುಗಳ ರಕ್ತದ ಕೆಂಪುಕಣಗಳನ್ನು ಕೆಡಿಸಿ ಒಡೆಯುತ್ತವೆ. ಬೇಯಿಸಿದರೂ ಈ ಗುಣ ಹೋಗುವುದಿಲ್ಲ. ತಿಂದ ದಿನ ಏನೂ ಕಾಣದಿರಬಹುದು. ಕೆಲವು ದಿನಗಳ ಮೇಲೆ ಪ್ರಾಣಿ ಸೊರಗುತ್ತದೆ, ಒಸಡು ಬಿಳಿಚುತ್ತದೆ, ಮೂತ್ರ ಕಂದುಬಣ್ಣಕ್ಕೆ ತಿರುಗುತ್ತದೆ. ಅಷ್ಟೇ ಅಲ್ಲ, ದನಗಳಿಗೂ ಈ ವಿಷ ತಟ್ಟುತ್ತದೆ. ಬೆಲೆ ಕುಸಿದಾಗ ಹೊಲದಲ್ಲಿಯೇ ರಾಶಿಯಾಗಿ ಬಿಟ್ಟ ಉಳ್ಳಾಗಡ್ಡಿಯನ್ನು ದನಗಳಿಗೆ ಮೇಯಲು ಬಿಡುವುದು ಕಂಡುಬರುತ್ತದೆ. ಬೆಳೆಯ ನಷ್ಟದ ಜೊತೆಗೆ ದನದ ನಷ್ಟವನ್ನೂ ಕರೆದುಕೊಂಡಂತೆ ಆಗುತ್ತದೆ. ಆಡು ಕುರಿಗಳು ಇದನ್ನು ಹೆಚ್ಚು ತಾಳಿಕೊಳ್ಳುತ್ತವೆ, ದನಗಳು ತಾಳವು. ಹಾಗೆಯೇ ದ್ರಾಕ್ಷಿ ಮತ್ತು ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡಕ್ಕೆ ಹಾನಿಕರ. ದ್ರಾಕ್ಷಿಯ ತೋಟಗಳಿರುವ ಸೀಮೆಯಲ್ಲಿ ಈ ಮಾತು ಎಲ್ಲರಿಗೂ ಗೊತ್ತಿರಬೇಕು.

ಇನ್ನು ಜೋಳ. ಬಿಳಿಜೋಳವು ಈ ನಾಡಿನ ಅನ್ನ. ಅದರ ಕಣಿಕೆ ದನಗಳ ಅನ್ನ. ಆದರೆ ಎಳೆಯ ಜೋಳದ ಪೈರಿನಲ್ಲಿ ಧುರ್ರಿನ್ ಎಂಬ ಪದಾರ್ಥವಿದೆ. ಎಲೆಯನ್ನು ಅಗಿದಾಗ ಅದು ಒಡೆದು ಹೈಡ್ರೋಸಯನಿಕ್ ಆಮ್ಲ ಬಿಡುಗಡೆಯಾಗುತ್ತದೆ. ಈ ವಿಷವು ಜೀವಕೋಶಗಳು ಆಮ್ಲಜನಕವನ್ನು ಬಳಸುವುದನ್ನೇ ನಿಲ್ಲಿಸಿಬಿಡುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಪ್ರಾಣಿ ಉಸಿರುಗಟ್ಟಿ ಸಾಯುತ್ತದೆ. ಅದಕ್ಕಾಗಿಯೇ ಅದರ ರಕ್ತವು ಎದ್ದು ಕಾಣುವಷ್ಟು ಕೆಂಪಾಗಿರುತ್ತದೆ. ಮಳೆ ಕೈಕೊಟ್ಟು ಮುರುಟಿದ ಪೈರು, ಕೊಯ್ದ ಕೂಳೆಯಿಂದ ಹೊಸದಾಗಿ ಒಡೆದ ಚಿಗುರು ಇವು ಹೆಚ್ಚು ಅಪಾಯಕಾರಿ. ವೈದ್ಯರು ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟುಗಳನ್ನು ರಕ್ತನಾಳಕ್ಕೆ ಕೊಟ್ಟು ಉಳಿಸಬಲ್ಲರು. ಆದರೆ ಸಾವು ಕೆಲವೇ ನಿಮಿಷಗಳಲ್ಲಿ ಬರುವುದರಿಂದ ವೈದ್ಯರು ತಲಪುವ ವೇಳೆ ಸಿಗುವುದು ಕಡಿಮೆ. ಆದಕಾರಣ ಇಲ್ಲಿ ನಿಜವಾದ ಚಿಕಿತ್ಸೆಯೆಂದರೆ ಪೈರು ಬಲಿತು ಹೂಬಿಡುವ ತನಕ ದನವನ್ನು ಅದರ ಬಳಿ ಬಿಡದಿರುವುದು. ಚೆನ್ನಾಗಿ ಒಣಗಿದ ಮೇವಿನಲ್ಲಿ ವಿಷ ಬಹುಮಟ್ಟಿಗೆ ಇಳಿದಿರುತ್ತದೆ. ಗಡಿಯಾರಕ್ಕೂ ಸಾವಿಗೂ ಪಂದ್ಯ ನಡೆಯುವ ಇಂಥ ಆಪತ್ತುಗಳೇ, ಸಿದ್ಧತೆಯೆಂಬುದು ಆಪತ್ತಿಗೆ ಮೊದಲು ಮಾಡುವ ಕೆಲಸವೆಂಬುದನ್ನು ನಮಗೆ ಕಲಿಸುತ್ತವೆ.

ಹೊಟ್ಟೆಯುಬ್ಬರವೂ ಅಂಥದೇ. ದನದ ಎಡ ಪಕ್ಕೆಯು ತಮಟೆಯಂತೆ ಬಿಗಿದು ಉಬ್ಬಿದರೆ, ಮೆಲುಕು ನಿಂತು ಉಸಿರಿಗೆ ಕಷ್ಟವಾದರೆ, ದೊಡ್ಡ ಹೊಟ್ಟೆಯಲ್ಲಿ ಸೇರಿದ ಅನಿಲವು ಶ್ವಾಸಕೋಶವನ್ನು ಒತ್ತುತ್ತಿದೆಯೆಂದು ತಿಳಿಯಬೇಕು. ಪ್ರಾಣಿಯನ್ನು ಮಲಗಗೊಡದೆ, ಮುಂಗಾಲುಗಳು ಎತ್ತರದಲ್ಲಿರುವಂತೆ ನಿಲ್ಲಿಸಿ, ಒಡನೆಯೇ ವೈದ್ಯರನ್ನು ಕರೆಯಬೇಕು. ನಾಲಗೆಯನ್ನು ಎಳೆದು ಹಿಡಿದು ಎಣ್ಣೆಯನ್ನು ಗಂಟಲಿಗೆ ಸುರಿಯುವ ರೂಢಿಯಿಂದ ಎಷ್ಟೋ ದನಗಳು ಉಬ್ಬರದಿಂದಲ್ಲ, ಶ್ವಾಸಕೋಶಕ್ಕಿಳಿದ ಎಣ್ಣೆಯಿಂದ ಸತ್ತಿವೆ.

ನಾಯಿಯಲ್ಲಿಯೂ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದುಂಟು. ಆಳವಾದ ಎದೆಗೂಡಿನ ತಳಿಗಳಲ್ಲಿ ಇದರ ಸಂಭವ ಹೆಚ್ಚು. ಇಲ್ಲಿ ನಮ್ಮ ಜಿಲ್ಲೆಯದೇ ಆದ ಮುಧೋಳದ ಬೇಟೆನಾಯಿಯನ್ನು ನೆನೆಯಬೇಕು. ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದ ಈ ತಳಿಯನ್ನು ಭಾರತೀಯ ಸೇನೆಯು ೨೦೧೬ರಲ್ಲಿ ತರಬೇತಿಗಾಗಿ ಮೀರತ್ತಿಗೆ ಕರೆಸಿಕೊಂಡಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವೊಂದು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿದೆ. ಕೀರ್ತಿ ಬಂದಂತೆಲ್ಲ ಮರಿಗಳು ದೂರದ ಪಟ್ಟಣಗಳಿಗೆ ಹೋಗುತ್ತಿವೆ. ಆದರೆ ಮರಿಯನ್ನು ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಅದರ ನೀಳವಾದ, ಆಳವಾದ ಎದೆಯೇ ಒಂದು ಎಚ್ಚರಿಕೆಯೆಂಬುದು ಗೊತ್ತು? ಹೊಟ್ಟೆ ಬಿಗಿದು, ನಾಯಿಯು ವಾಂತಿಗೆ ಓಕರಿಸುತ್ತಿದ್ದರೂ ಏನೂ ಹೊರಬರದಿದ್ದರೆ, ಅದು ಮನೆಮದ್ದಿನ ವೇಳೆಯಲ್ಲ. ಶಸ್ತ್ರಚಿಕಿತ್ಸೆಯ ಹೊರತು ಬೇರೆ ಉಪಾಯವಿಲ್ಲದ ಆಪತ್ತು ಅದು; ಗಂಟೆಗಳೊಳಗೆ ಜೀವ ಹೋಗುತ್ತದೆ.

ಕಚ್ಚಿದ ಗಾಯ, ತೊಳೆಯುವ ಸೋಪು

ಈವರೆಗೆ ಹೇಳಿದ್ದು ಪ್ರಾಣಿಯ ಜೀವದ ಮಾತು. ಇನ್ನು ಹೇಳುವುದರಲ್ಲಿ ಮನುಷ್ಯನ ಜೀವವೂ ಸೇರಿದೆ. ಹುಚ್ಚುನಾಯಿಯ ರೋಗ, ಎಂದರೆ ರೇಬೀಸು, ಲಕ್ಷಣಗಳು ತೋರಿದ ಮೇಲೆ ಹೆಚ್ಚುಕಡಿಮೆ ಯಾರನ್ನೂ ಉಳಿಸುವುದಿಲ್ಲ. ಲಕ್ಷಣಗಳು ತೋರುವ ಮೊದಲು ಸರಿಯಾಗಿ ನಡೆದುಕೊಂಡರೆ ಹೆಚ್ಚುಕಡಿಮೆ ಎಲ್ಲರನ್ನೂ ಉಳಿಸಬಹುದು. ಹೀಗೆ ಸಾವು ಬದುಕುಗಳ ನಡುವೆ ಇಷ್ಟು ಸ್ಪಷ್ಟವಾದ ಗೆರೆಯಿರುವ ರೋಗ ವೈದ್ಯಶಾಸ್ತ್ರದಲ್ಲಿ ಬೇರೊಂದಿಲ್ಲವೆನ್ನಬಹುದು. ೧೮೮೫ರ ಜುಲೈ ೬ರಂದು ಲೂಯಿ ಪಾಶ್ಚರನು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಲಸಿಕೆಯನ್ನು ಕೊಡಿಸಿದನು. ನಮ್ಮ ನೀಲಗಿರಿಯ ಕೂನೂರಿನಲ್ಲಿ ೧೯೦೭ರಲ್ಲಿಯೇ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಆದರೂ ಇಂದಿಗೂ ನಮ್ಮ ದೇಶದಲ್ಲಿ ಜನ, ಅದರಲ್ಲಿಯೂ ಮಕ್ಕಳು, ಈ ರೋಗದಿಂದ ಸಾಯುತ್ತಿರುವುದು ನಾಚಿಕೆಯ ಸಂಗತಿ. ನಾಯಿಗಳಿಂದ ಹರಡುವ ರೇಬೀಸನ್ನು ೨೦೩೦ರೊಳಗೆ ಇಲ್ಲವಾಗಿಸಬೇಕೆಂಬ ಗುರಿಯನ್ನು ಭಾರತವು ಇಟ್ಟುಕೊಂಡಿದೆ.

ಕಚ್ಚಿದ ಅಥವಾ ಪರಚಿದ ಗಾಯವನ್ನು ಹದಿನೈದು ನಿಮಿಷಗಳ ಕಾಲ ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಬೇಕು. ಈ ವಿಷಾಣುವಿನ ಹೊರಪದರದಲ್ಲಿ ಕೊಬ್ಬಿನ ಅಂಶವಿದೆ. ಸೋಪು ಅದನ್ನು ಕರಗಿಸಿ ವಿಷಾಣುವನ್ನು ನಿಷ್ಕ್ರಿಯಗೊಳಿಸುತ್ತದೆ. ಅರಿಸಿನ, ಸುಣ್ಣ, ಖಾರದ ಪುಡಿಗಳನ್ನು ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯನ್ನೂ, ಗಾಯ ಆಳವಾಗಿದ್ದರೆ ಅದರೊಡನೆ ಪ್ರತಿಕಾಯಗಳ ಚುಚ್ಚುಮದ್ದನ್ನೂ ಪಡೆಯಬೇಕು. ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಬಾರದು. ಮನೆಯ ನಾಯಿ ಬೆಕ್ಕುಗಳಿಗೆ ಮೂರು ತಿಂಗಳ ವಯಸ್ಸಿನಲ್ಲಿ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ನವೀಕರಿಸಬೇಕು.

ರೈತರ ಮಕ್ಕಳು ವಿಶೇಷವಾಗಿ ನೆನಪಿಡಬೇಕಾದ ಇನ್ನೊಂದು ಮಾತಿದೆ. ಆಕಳೋ ಎಮ್ಮೆಯೋ ಜೊಲ್ಲು ಸುರಿಸುತ್ತ, ನುಂಗಲಾರದೆ ಒದ್ದಾಡುತ್ತಿದ್ದರೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಮನೆಯವರು ಬಾಯೊಳಗೆ ಕೈ ಹಾಕುತ್ತಾರೆ. ಹಲವು ವೇಳೆ ಅದು ನಿಜವಾಗಿಯೂ ಸಿಕ್ಕಿಕೊಂಡ ಗಡ್ಡೆಯಾಗಿರಬಹುದು. ಆದರೆ ಅದು ರೇಬೀಸಿನ ಲಕ್ಷಣವೂ ಆಗಿರಬಹುದು. ಬರಿಗೈಯನ್ನು ಒಳಗೆ ಹಾಕುವ ಮುನ್ನ ವೈದ್ಯರನ್ನು ಕರೆಯುವುದೇ ಜಾಣತನ. ಪ್ರೀತಿಗೆ ಧೈರ್ಯ ಸಹಜ. ಆ ಧೈರ್ಯಕ್ಕೆ ತಿಳಿವಳಿಕೆಯ ಕೈಗವಸು ಬೇಕು.

ಹಾವು ಕಚ್ಚಿದಾಗಲೂ ಇದೇ ನ್ಯಾಯ. ಕೆಂಪುಗಲ್ಲಿನ ಗುಡ್ಡಗಳ ಸಂದುಗಳಲ್ಲಿ ಹಾವುಗಳಿಗೆ ಕೊರತೆಯಿಲ್ಲ. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹುರಿಯಿಂದ ಬಿಗಿದು ಕಟ್ಟುವುದು, ಬೇರು ಅರೆದು ಹಚ್ಚುವುದು ಯಾವುದೂ ಬೇಡ. ಪ್ರಾಣಿಯನ್ನು ನಡೆಸದೆ, ಎತ್ತಿಕೊಂಡು, ಆದಷ್ಟು ಬೇಗ ಪಶು ಆಸ್ಪತ್ರೆಗೆ ತಲಪಿಸಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ನಮ್ಮ ದೇಶದಲ್ಲಿ ಒಂದೇ ಪ್ರತಿವಿಷವನ್ನು ತಯಾರಿಸುತ್ತಾರೆ. ಮನುಷ್ಯನಿಗೆ ಕೊಡುವ ಆ ಔಷಧವನ್ನೇ ನಾಯಿಗೂ ದನಕ್ಕೂ ಕೊಡುತ್ತಾರೆ. ಆ ಪ್ರತಿವಿಷ ಎಲ್ಲಿಂದ ಬರುತ್ತದೆಂದು ವಿದ್ಯಾರ್ಥಿಗಳು ಯೋಚಿಸಿದ್ದುಂಟೇ? ಅಲ್ಪ ಪ್ರಮಾಣದ ವಿಷವನ್ನು ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಿಂದ ಅದು ಬರುತ್ತದೆ. ಹಾವು ಕಚ್ಚಿ ಬದುಕಿದ ಪ್ರತಿಯೊಬ್ಬ ಮನುಷ್ಯನೂ ಒಂದು ಕುದುರೆಗೆ ಋಣಿ.

ಹೊಳೆ ಏರಿದಾಗ

೨೦೦೯ರಲ್ಲಿಯೂ, ಮತ್ತೆ ೨೦೧೯ರ ಆಗಸ್ಟಿನಲ್ಲಿಯೂ ಉತ್ತರ ಕರ್ನಾಟಕವು ಮಹಾಪೂರವನ್ನು ಕಂಡಿತು. ಎರಡನೆಯ ಸಲ ಮಲಪ್ರಭೆಯ ನೀರು ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತು. ಅಂಥ ರಾತ್ರಿಗಳಲ್ಲಿ ಜನ ಜೀವ ಹಿಡಿದುಕೊಂಡು ಓಡುವುದು ಸಹಜ. ಆದರೆ ಗೂಟಕ್ಕೆ ಕಟ್ಟಿದ ದನ ಎಲ್ಲಿಗೆ ಓಡೀತು? ಬಿಚ್ಚಿಬಿಟ್ಟರೆ ಈಜಿಯೋ ದಿನ್ನೆಯೇರಿಯೋ ಉಳಿಯುವ ಸಾಧ್ಯತೆಯಾದರೂ ಉಂಟು. ಕಟ್ಟಿಹಾಕಿದರೆ ಅದೂ ಇಲ್ಲ. ಹೊಳೆಯ ದಂಡೆಯ ಪ್ರತಿ ಮನೆಯೂ ಮಳೆಗಾಲಕ್ಕೆ ಮುನ್ನವೇ ಮೂರು ಸಂಗತಿಗಳನ್ನು ನಿಶ್ಚಯಿಸಿಟ್ಟಿರಬೇಕು: ದನಗಳನ್ನು ಒಯ್ಯುವ ಎತ್ತರದ ಜಾಗ ಯಾವುದು, ಮೂರು ದಿನಗಳ ಒಣಮೇವು ಎಲ್ಲಿದೆ, ಹಗ್ಗ ಬಿಚ್ಚುವವರು ಯಾರು. ಮೂರನೆಯ ಪ್ರಶ್ನೆ ಹಾಸ್ಯವೆಂದು ತೋರಬಹುದು. ಆದರೆ ಎಲ್ಲರ ಕೆಲಸವೆಂದು ಬಿಟ್ಟದ್ದು ಯಾರ ಕೆಲಸವೂ ಆಗುವುದಿಲ್ಲ.

ಒಂದು ಪೆಟ್ಟಿಗೆ, ಒಂದು ಹಾಳೆ

ಸಿದ್ಧತೆಗೆ ಹೆಚ್ಚಿನ ಹಣ ಬೇಡ. ಒಂದು ತಗಡಿನ ಪೆಟ್ಟಿಗೆಯಲ್ಲಿ ಉಷ್ಣತಾಮಾಪಕ, ಹತ್ತಿ, ಪಟ್ಟಿ ಬಟ್ಟೆ, ಮೊಂಡುತುದಿಯ ಕತ್ತರಿ, ಚಿಮುಟ, ಸೋಪು, ಅಯೋಡಿನ್ ದ್ರಾವಣ, ರಬ್ಬರಿನ ಕೈಗವಸು, ಬ್ಯಾಟರಿ ದೀಪ, ಗಟ್ಟಿ ಹಗ್ಗ, ಮೂತಿಗೆ ಕಟ್ಟಲು ಉದ್ದನೆಯ ಬಟ್ಟೆಯ ಪಟ್ಟಿ ಇಷ್ಟಿದ್ದರೆ ಸಾಕು. ಪಕ್ಕದಲ್ಲಿ ಒಂದು ಕಂಬಳಿ. ನಾಲ್ಕು ಮೂಲೆ ಹಿಡಿದರೆ ಅದೇ ಡೋಲಿ. ನೋವಿನಲ್ಲಿರುವ ನಾಯಿಯು ತನ್ನ ಯಜಮಾನನನ್ನೂ ಕಚ್ಚೀತು. ಆದ್ದರಿಂದ ಮೂತಿ ಕಟ್ಟುವುದನ್ನು ಕಲಿತಿರಬೇಕು. ಆದರೆ ವಾಂತಿ ಮಾಡುತ್ತಿರುವ ಅಥವಾ ತೇಕುತ್ತಿರುವ ನಾಯಿಗೆ ಮೂತಿ ಕಟ್ಟಬಾರದು.

ಪೆಟ್ಟಿಗೆಯಲ್ಲಿ ಇರಬಾರದ ವಸ್ತುವೂ ಒಂದಿದೆ: ಮನುಷ್ಯರ ನೋವಿನ ಗುಳಿಗೆ. ನಮಗೆ ನಿರುಪದ್ರವಿಯಾದ ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕ ವಿಷ. ಅದನ್ನು ಕರಗಿಸಿ ಹೊರಹಾಕುವ ಕಿಣ್ವದ ಬಲ ಬೆಕ್ಕಿನ ಯಕೃತ್ತಿಗೆ ಸಾಲದು. ಡೈಕ್ಲೊಫೆನಾಕ್ ಎಂಬ ನೋವುನಿವಾರಕದ ಕಥೆಯಂತೂ ಇನ್ನೂ ದೊಡ್ಡದು. ಅದನ್ನು ಪಡೆದು ಸತ್ತ ದನಗಳ ಮಾಂಸವನ್ನು ತಿಂದು ಭಾರತದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಆ ಕುಲವೇ ನಾಶದ ಅಂಚಿಗೆ ಬಂದಿತು. ೨೦೦೬ರಲ್ಲಿ ಸರಕಾರವು ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಒಂದು ಪ್ರಾಣಿಗೆ ಔಷಧವಾದದ್ದು ಇನ್ನೊಂದಕ್ಕೆ ವಿಷವಾದೀತೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಹಾಳೆಯನ್ನು ಅಂಟಿಸಬೇಕು. ಅದರಲ್ಲಿ ಹತ್ತಿರದ ಪಶುವೈದ್ಯರ ಸಂಖ್ಯೆ, ಸಂಚಾರಿ ಪಶುಚಿಕಿತ್ಸೆಯ ವಾಹನವನ್ನು ಕರೆಯುವ ೧೯೬೨ ಎಂಬ ಸಂಖ್ಯೆ, ಪ್ರಾಣಿಯ ವಯಸ್ಸು, ತೂಕ, ಲಸಿಕೆ ಹಾಕಿಸಿದ ದಿನಗಳು ಇರಲಿ. ಅದರೊಡನೆ ಆರೋಗ್ಯದ ದಿನಗಳಲ್ಲಿ ಅಳೆದ ಉಷ್ಣತೆ, ನಾಡಿಬಡಿತ, ಉಸಿರಾಟದ ಸಂಖ್ಯೆಗಳೂ ಇರಲಿ. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗವು ಎರಡು ಸೆಕೆಂಡುಗಳೊಳಗೆ ಮತ್ತೆ ಕೆಂಪಾಗಬೇಕು; ತಡವಾದರೆ ರಕ್ತಪರಿಚಲನೆ ಕುಂದಿದೆಯೆಂದು ತಿಳಿಯಬೇಕು. ಆರೋಗ್ಯವೆಂದರೆ ಏನೆಂದು ಅಳೆದು ತಿಳಿಯದವನು ಅನಾರೋಗ್ಯವನ್ನು ಹೇಗೆ ಗುರುತಿಸಿಯಾನು? ವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ನಾವು ಕಾಣೆವು. ವಾರಕ್ಕೊಮ್ಮೆ ಮನೆಯ ಪ್ರಾಣಿಯ ಉಸಿರನ್ನು ಎಣಿಸಿ ಬರೆದಿಡಿ; ಒಂದು ತಿಂಗಳಿನಲ್ಲಿ ನಿಮ್ಮ ಕಣ್ಣು ಬದಲಾಗಿರುತ್ತದೆ.

ಕೆಲವು ಆಕ್ಷೇಪಣೆಗಳು

ಮನುಷ್ಯರಿಗೇ ವೈದ್ಯರು ಸಿಗದ ಹಳ್ಳಿಗಳಲ್ಲಿ ನಾಯಿ ದನಗಳ ತುರ್ತುಚಿಕಿತ್ಸೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಬಡವನ ಮನೆಯಲ್ಲಿ ಒಂದು ಎಮ್ಮೆ ಸತ್ತರೆ ಮಗಳ ಕಾಲೇಜು ನಿಲ್ಲುತ್ತದೆ. ಲಸಿಕೆಯಿಲ್ಲದ ಒಂದು ನಾಯಿಯಿಂದ ಒಂದು ಓಣಿಯೇ ಆಸ್ಪತ್ರೆಯ ಬಾಗಿಲಿಗೆ ಓಡುತ್ತದೆ. ಮನುಷ್ಯನ ಕ್ಷೇಮವನ್ನೂ ಪ್ರಾಣಿಯ ಕ್ಷೇಮವನ್ನೂ ಬೇರೆಬೇರೆ ತಕ್ಕಡಿಗಳಲ್ಲಿ ತೂಗಲಾಗದು. ೧೭೬೧ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಜಗತ್ತಿನ ಮೊದಲ ಪಶುವೈದ್ಯಶಾಲೆಯು ಸ್ಥಾಪನೆಯಾದುದರ ಹಿಂದೆ ದನಗಳನ್ನು ಸಾವಿರಗಟ್ಟಲೆ ಕೊಲ್ಲುತ್ತಿದ್ದ ದೊಡ್ಡರೋಗದ ಭಯವಿತ್ತು. ಅಲ್ಲಿಂದ ೨೫೦ ವರ್ಷಗಳ ಮೇಲೆ, ೨೦೧೧ರಲ್ಲಿ, ಆ ರೋಗವು ಭೂಮಿಯ ಮೇಲೆ ಇಲ್ಲವಾಯಿತೆಂದು ಘೋಷಿಸಲಾಯಿತು. ಸಿಡುಬಿನ ಅನಂತರ ಹೀಗೆ ನಿರ್ಮೂಲವಾದ ಎರಡನೆಯ ರೋಗ ಅದು. ತಾಳ್ಮೆಯ ಸಿದ್ಧತೆಯು ಏನನ್ನು ಸಾಧಿಸಬಲ್ಲದೆಂಬುದಕ್ಕೆ ಇದು ನಿದರ್ಶನ.

ಅರೆಬರೆ ಕಲಿತ ಹುಡುಗರು ವೈದ್ಯರಾಗಲು ಹೊರಟಾರೆಂಬುದು ಇನ್ನೊಂದು ಆಕ್ಷೇಪಣೆ. ಇದರಲ್ಲಿ ಸತ್ಯಾಂಶವಿದೆ. ಪ್ರಥಮ ಚಿಕಿತ್ಸೆಯು ವೈದ್ಯರ ಬದಲಿಗೆ ಅಲ್ಲ, ವೈದ್ಯರು ಬರುವವರೆಗೆ. ಏನನ್ನು ಮಾಡಬೇಕೆಂಬುದಕ್ಕಿಂತ ಏನನ್ನು ಮಾಡಬಾರದೆಂಬುದೇ ಅದರಲ್ಲಿ ಹೆಚ್ಚಿನ ಭಾಗ. ಗಂಟಲಿಗೆ ಸುರಿಯಬೇಡ, ಗಾಯವನ್ನು ಕೊಯ್ಯಬೇಡ, ತೋಚಿದ ಗುಳಿಗೆ ಕೊಡಬೇಡ, ವೈದ್ಯರನ್ನು ಕೇಳದೆ ವಾಂತಿ ಮಾಡಿಸಬೇಡ: ಈ ನಾಲ್ಕನ್ನು ಕಲಿತ ಹುಡುಗನು ನಕಲಿ ವೈದ್ಯನಾಗುವುದಿಲ್ಲ, ನಕಲಿ ವೈದ್ಯರನ್ನು ತಡೆಯುವವನಾಗುತ್ತಾನೆ.

ಆದ್ದರಿಂದ ನಮ್ಮ ಸಲಹೆಗಳು ಸ್ಪಷ್ಟವಾಗಿವೆ. ಪ್ರತಿ ಹೈಸ್ಕೂಲಿನ ವಿಜ್ಞಾನ ಕೊಠಡಿಯಲ್ಲಿ ಇಂಥದೊಂದು ಪೆಟ್ಟಿಗೆಯಿರಲಿ. ವರ್ಷಕ್ಕೊಮ್ಮೆಯಾದರೂ ತಾಲ್ಲೂಕಿನ ಪಶುವೈದ್ಯರು ಬಂದು ಅದರ ಬಳಕೆಯನ್ನು ಮಾಡಿ ತೋರಿಸಲಿ. ಪುಷ್ಯಮಾಸದ ಬನಶಂಕರಿ ಜಾತ್ರೆಯಂಥ ಜನಸಂದಣಿಯಲ್ಲಿ ವಿದ್ಯಾರ್ಥಿಗಳು ಒಂದು ಚಪ್ಪರ ಹಾಕಿ, ಎಳೆ ಜೋಳದ ವಿಷ, ಬಿಸಿಲಿನ ಪೆಟ್ಟು, ರೇಬೀಸು ಇವುಗಳ ಬಗ್ಗೆ ತಿಳಿಹೇಳಲಿ. ಯಾತ್ರಾಸ್ಥಳಗಳಲ್ಲಿ ವಾಹನ ನಿಲ್ಲಿಸುವ ಕಡೆ, ಪ್ರಾಣಿಗಳನ್ನು ಒಳಗೆ ಬಿಟ್ಟುಹೋಗಬೇಡಿರೆಂಬ ಹಲಗೆಯೂ, ಹತ್ತಿರದಲ್ಲಿ ಒಂದು ನೀರಿನ ತೊಟ್ಟಿಯೂ ಇರಲಿ. ಆಪತ್ತು ಕಚೇರಿಯ ವೇಳೆಯನ್ನು ನೋಡಿಕೊಂಡು ಬರುವುದಿಲ್ಲವಾದ್ದರಿಂದ, ಪ್ರತಿ ತಾಲ್ಲೂಕಿನಲ್ಲಿಯೂ ರಾತ್ರಿಯ ಹೊತ್ತು ಒಬ್ಬ ಪಶುವೈದ್ಯರಾದರೂ ಸಿಗುವ ಏರ್ಪಾಡನ್ನು ಸರಕಾರವು ಮಾಡಲಿ. ಇವುಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದುವೆಲ್ಲ ಯಾರ ಅಪ್ಪಣೆಗೂ ಕಾಯದೆ ನಾಳೆಯೇ ಆರಂಭಿಸಬಹುದಾದ ಕೆಲಸಗಳು.

ಈಗ ಆ ಹುಡುಗನ ಪ್ರಶ್ನೆಗೆ ಮರಳೋಣ. ನೀರು ಹಾಕಿದ್ದರೆ ನಾಯಿ ಬದುಕುತ್ತಿತ್ತೇ? ಖಂಡಿತವಾಗಿ ಬದುಕುತ್ತಿತ್ತೆಂದು ಹೇಳಲು ವಿಜ್ಞಾನವು ಒಪ್ಪುವುದಿಲ್ಲ. ಒಳಗೆ ಎಷ್ಟು ಕೆಟ್ಟಿತ್ತೋ ತಿಳಿಯದು. ಆದರೆ ಬದುಕುವ ಅವಕಾಶವೆಂಬುದು ಏನಾದರೂ ಇದ್ದಿದ್ದರೆ ಅದು ಅವನ ಕೊಡದಲ್ಲಿತ್ತು. ಅಲ್ಲಿ ಕೂಡಿದ್ದವರಲ್ಲಿ ಸರಿಯಾದುದನ್ನು ಮಾಡಹೊರಟವನು ಅವನೊಬ್ಬನೇ. ಅವನನ್ನು ತಡೆದವರಲ್ಲಿ ಕೇಡಿನ ಮನಸ್ಸಿನವರು ಯಾರೂ ಇರಲಿಲ್ಲ. ಸುಮ್ಮನೆ ನಿಂತ ನಮ್ಮಲ್ಲಿಯೂ ಕರುಣೆಗೆ ಕೊರತೆಯಿರಲಿಲ್ಲ. ಕರುಣೆಯೊಂದೇ ಸಾಲದೆಂಬುದನ್ನು ಅಂದು ನಾವು ಕಲಿತೆವು. ಈ ಲೇಖನವನ್ನು ಓದಿದ ವಿದ್ಯಾರ್ಥಿಯು ಮುಂದೊಂದು ದಿನ ಅಂಥ ಗುಂಪಿನ ನಡುವೆ ನಿಂತಾಗ, ಕೊಡವನ್ನು ಕೆಳಗಿಡದಿರಲಿ.